ಅಪ್ಪನ ಫೋನ್ ನಂಬರು

ಮಸ್ಕಿ
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ನನ್ನ ಮುದ್ದು ಸುಕನ್ಯಾ,

ಬುತ್ತಿ ಬಿಚ್ಚಿದವಳು ಮೊದಲು ರೊಟ್ಟಿ ತಿನ್ನು, ಆಮೇಲೆ ಇದನ್ನು ಓದು. ಫೋನಿನಲ್ಲಿ ಹೇಳಲು ಹೋದರೆ ನೀನೂ ಅಳುತ್ತೀ, ನಾನೂ ಅಳುತ್ತೇನೆ, ಅತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅದಕ್ಕೇ ಸಿಂಧನೂರು ಬಸ್ಸಿಗೆ ಬುತ್ತಿ ಕೊಡುವಾಗ ಶೇಂಗಾ ಚಟ್ನಿಯ ಪಕ್ಕ ಈ ಕಾಗದ ಇಟ್ಟಿದ್ದೇನೆ.

ಅಲ್ಲಿ ನರ್ಸಿಂಗ್ ಕಾಲೇಜು ಸೇರಿ ಹತ್ತು ದಿನ ಆಗಿಲ್ಲ, ಬಿಟ್ಟು ಗುರುಗುಂಟಾಕ್ಕೆ, ಅವ್ವನ ಮನೆಗೆ, ವಾಪಸ್ ಬರುತ್ತೀಯಂತೆ. ಅವ್ವ "ಬರ್ಲಿ ಬಿಡು, ಕೂಸು ಅಳಾಕತ್ತೈತಿ" ಎಂದಳು. ನಾನು ಹಾಗೆ ಅನ್ನುವವಳಲ್ಲ. ಬಿಟ್ಟು ಬಂದರೆ ನನ್ನ ಮನೆ ಮೆಟ್ಟಿಲು ಹತ್ತಬೇಡ.

ಇಂಗ್ಲಿಷ್ ತಿಳಿಯದೆಂದು ಹಿಂದಿನ ಬೆಂಚಿಗೆ ಹೋಗಬೇಡ. ಎರಡನೇ ಸಾಲಿನಲ್ಲಿ ಕೂತು, ತಿಳಿಯದ್ದನ್ನು ಕೇಳು. ನಕ್ಕವರು ನಗಲಿ, ಪರೀಕ್ಷೆಗೆ ಅವರೇ ನಿನ್ನ ನೋಟ್ಸು ಕೇಳಿಕೊಂಡು ಬರುತ್ತಾರೆ. ಜೊತೆಗಿರುವ ಮಕ್ತುಂಬೀ ಒಳ್ಳೆಯವಳಂತೆ, ಅವಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡು. ಮತ್ತೆ, ಯಾವ ಅರ್ಜಿಗೂ ಅಪ್ಪನ ಫೋನ್ ನಂಬರು ಬರೆಯಬೇಡ. ನಿನ್ನದೇ ಬರೆ.

ನಾನು ಅಪ್ಪನ ನಂಬರು ಬರೆದು ಕೆಟ್ಟೆ. ಆಗ ಮನೆಗೆಲ್ಲ ಇದ್ದದ್ದು ಅದೊಂದೇ ಫೋನು. ನರ್ಸಿಂಗ್ ಸೀಟು ಸಿಕ್ಕಿದೆ, ಐದು ದಿನದೊಳಗೆ ಸೇರಿ ಎಂಬ ಮೆಸೇಜು ಅದಕ್ಕೆ ಬಂದಿತ್ತಂತೆ, ನಾನು ನೋಡಲೇ ಇಲ್ಲ. ಲಿಂಗಸುಗೂರಿನಲ್ಲಿ ಅರ್ಜಿ ತುಂಬಿಕೊಟ್ಟ ರಫೀಕಣ್ಣ "ಯಾಕವಾ, ಹೋಗಿ ಸೇರಲಿಲ್ಲೇನು?" ಎಂದು ಕೇಳುವಷ್ಟರಲ್ಲಿ ತಾರೀಖು ಮುಗಿದಿತ್ತು. ಸೀಟೇ ಸಿಗಲಿಲ್ಲ ಎಂದು ಮನೆಯಲ್ಲಿ ಹೇಳಿದೆ. ಚೈತ್ರದಲ್ಲಿ ಮದುವೆಯಾಯಿತು.

ಈಗ ದಿನಾ ಅತ್ತೆಯ ಬಿಪಿ ನೋಡಿ ಬರೆದಿಡುತ್ತೇನೆ. ಓಣಿಯ ಶಿವಲಿಂಗಮ್ಮನೂ ಬಂದು ಕೈ ಚಾಚಿ "ನಂದೂ ನೋಡ್ರೀ ನರ್ಸಮ್ಮ" ಎಂದು ಚೇಷ್ಟೆ ಮಾಡುತ್ತಾಳೆ. ಅವಳೆದುರು ನಗುತ್ತೇನೆ. ಅವಳು ಹೋದ ಮೇಲೆ ಎದೆ ಒಡೆಯುವಷ್ಟು ಅಳು ಬರುತ್ತದೆ.

ಇಂತಿ ನಿನ್ನ ದಾರಿ ನೋಡದ ಅಕ್ಕ,
ಸುರೇಖಾ

ತಾ.ಕ.: ಆ ಮೆಸೇಜು ಅಳಿಸಿದ್ದು ನೀನೆಂದು ನನಗೆ ಆಗಲೇ ಗೊತ್ತಾಗಿತ್ತು. ಅರ್ಜಿ ಹಾಕಿದಾಗಿನಿಂದ "ಅಕ್ಕಾ, ನೀ ಹೋದ್ರ ನಾ ಯಾರ ಸಂಗಾಟ ಮಲಗ್ಲಿ?" ಎಂದು ಬೆನ್ನು ಬಿದ್ದಿದ್ದವಳು ಒಮ್ಮೆಲೇ ಸುಮ್ಮನಾದೆ, ಎರಡು ತಿಂಗಳು ಫೋನು ಮುಟ್ಟಲಿಲ್ಲ. ನಿನಗಾಗ ಹದಿನಾಲ್ಕು. ಅಪ್ಪನಿಗೆ ಹೇಳಿದ್ದರೆ ನಿನ್ನ ಶಾಲೆಯನ್ನೂ ಬಿಡಿಸುತ್ತಿದ್ದ. ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ಸೀಟು ಕಳೆದ ತಪ್ಪಿಗೆ ನಿನ್ನದನ್ನೂ ಕಳೆದುಕೊಳ್ಳಲು ಹೊರಟಿದ್ದೀಯಲ್ಲ, ಅದನ್ನು ಮಾತ್ರ ನಾನು ಸಹಿಸಲಾರೆ ಸುಕ್ಕಿ. ಗುರುವಾರ ಮತ್ತೆ ಬುತ್ತಿ ಕಳಿಸುತ್ತೇನೆ, ಸಿಂಧನೂರಿಗೇ.