ಕನ್ನಡದಲ್ಲಿ ಕೂಗಿದೆ

ಅಕ್ಟೋಬರ್ ೯, ಗುರುವಾರ

ಮಗು ನೋಡಿಕೊಳ್ಳುವ ಕೆಲಸಕ್ಕೆಂದು ಈ ದೇಶಕ್ಕೆ ಬಂದು ಇವತ್ತಿಗೆ ಹನ್ನೊಂದು ದಿನ. ಶಾಲೆಯಿಂದ ಬರುವಾಗ, ನಾನು ಪುಟ್ಟಿ ಎಂದು ಕರೆಯುವ ಆ ಹುಡುಗಿ ಕೈ ಕೊಸರಿಕೊಂಡು ರಸ್ತೆಗೆ ಓಡಿದಳು. ಇಲ್ಲಿಯ ಭಾಷೆಗೆ ನಾಲಿಗೆ ಹೊರಳಲೇ ಇಲ್ಲ. "ನಿಲ್ಲೇ, ನಿಲ್ಲು" ಎಂದು ಕನ್ನಡದಲ್ಲೇ ಕೂಗಿದೆ. ಅವಳಿಗೆ ಹೇಗೆ ತಿಳಿಯಬೇಕು? ಸೈಕಲ್ ತಗುಲಿ ಬಿದ್ದಳು. ಮೊಣಕಾಲು ತರಚಿತು, ಅಷ್ಟೆ. ಕಾರಾಗಿದ್ದರೆ?

ಸಂಜೆ ಅವಳ ತಾಯಿ ಬೈಯಲಿಲ್ಲ. "ನಾಳೆಯಿಂದ ನಾನೇ ಕರ್ಕೊಂಡು ಬರ್ತೀನಿ. ನೀನು ಬಟ್ಟೆ ಇಸ್ತ್ರಿ ಮಾಡ್ಕೊಂಡಿರು" ಎಂದು ನನಗೆ ತಿಳಿಯುವ ಹಾಗೆ ಅವರ ಭಾಷೆಯಲ್ಲಿ ಮೆಲ್ಲಗೆ ಹೇಳಿದರು. ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ.

ಆಮೇಲೆ ಅಕ್ಕನ ಫೋನ್ ಬಂತು.

"ಹೊಂದ್ಕೊಂಡ್ಯೇನೇ?"

"ಹೂಂ ಕಣಕ್ಕ. ಮಗು ನನ್ನ ಬಿಟ್ಟೇ ಇರಲ್ಲ" ಎಂದೆ.

ಮಲಗುವ ಮುಂಚೆ ಪುಟ್ಟಿ ನನ್ನ ಬಾಗಿಲಿಗೆ ಬಂದು ನಿಂತಳು. ಕೈ ಚಾಚಿದೆ. ಒಂದು ಹೆಜ್ಜೆ ಹಿಂದೆ ಸರಿದಳು. ಐದು ವರ್ಷದ ಮಗುವಿನ ಹೆಜ್ಜೆ, ಎಷ್ಟಿದ್ದೀತು, ಆದರೂ ನನ್ನ ಕೈ ಅವಳಿಗೆ ಎಟುಕಲಿಲ್ಲ.