ಹುಣಸೆಹಣ್ಣು ಹಾಕಿ ಬೆಳಗಿದ ಲೂಗರ್

ರೀ,

ಷೂ ಬಿಚ್ಚುವ ಮೊದಲು ಇದನ್ನು ಓದಿ. ದೇವರ ಮುಂದೆ ಕತ್ತರಿ, ಕ್ಯಾಲ್ಕುಲೇಟರ್ ಪಕ್ಕದಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತಿರುವುದು ನಿಮ್ಮ ಜರ್ಮನ್ ಪಿಸ್ತೂಲೇ, ಮೊದಲನೇ ಮಹಾಯುದ್ಧದ ಆ ಲೂಗರ್. ಕೂಗಾಡಬೇಡಿ.

"ಈ ಸಲ ಆಯುಧಪೂಜೆಗೆ ನಿಜವಾದ ಆಯುಧಾನೇ ಇಡಮ್ಮ" ಅಂತ ಬೆಳಿಗ್ಗೆ ಅತ್ತೆಯ ಕೈಗೆ ಜಂಭದಿಂದ ತೆಗೆದುಕೊಟ್ಟು ಆಫೀಸಿಗೆ ಹೋದವರು ನೀವು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅದನ್ನು ಪೂಜೆ ಪಾತ್ರೆಗಳ ಜೊತೆ ಸಿಂಕಿಗೆ ಹಾಕಿ, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದಿದ್ದರು. ಸ್ಯಾನ್ ಹೊಸೆ ಗನ್ ಶೋನಲ್ಲಿ, ಆ ಬಂದೂಕು ಸಂತೆಯಲ್ಲಿ, ನೀವು "ಒರಿಜಿನಲ್ ಫಿನಿಶ್, ಇದಕ್ಕೇ ಬೆಲೆ" ಅಂತ ಕುಣಿದಾಡಿದ ಆ ಕಪ್ಪು ಬಣ್ಣವೆಲ್ಲ ನೀರಿನ ಜೊತೆ ಹೋಯಿತು. "ಇಷ್ಟು ಮಸಿ ಕಟ್ಟೋ ತನಕ ಏನ್ ಮಾಡ್ತಿದ್ದೆ, ಪದ್ಮಜಾ?" ಅಂತ ಬೈಸಿಕೊಂಡವಳು ನಾನು.

ನಾನು ಡ್ಯೂಟಿಗೆ ಹೊರಟೆ. ಸಾರು ಒಲೆಯ ಮೇಲಿದೆ, ಒಬ್ಬಟ್ಟು ಮುಚ್ಚಿಟ್ಟಿದ್ದೇನೆ. ಊಟಕ್ಕೆ ಕೂರುವ ಮೊದಲು ಅತ್ತೆಗೆ "ಎಷ್ಟು ಚೆನ್ನಾಗಿ ಬೆಳಗಿದ್ದೀಯಮ್ಮ" ಅನ್ನಿ. ಪಾಪ, ಉಜ್ಜಿ ಉಜ್ಜಿ ಬೆರಳು ನೋಯಿಸಿಕೊಂಡು, ನಿಮಗೆ ತೋರಿಸಬೇಕು ಅಂತ ಕಾಯುತ್ತಿದ್ದಾರೆ.

ನಿಮ್ಮ ಇನ್ನೊಂದು ಪಿಸ್ತೂಲನ್ನು ನಾನು ಬಚ್ಚಿಟ್ಟಿದ್ದೇನೆ. ಎಲ್ಲಿ ಅಂತ ನಿಮಗೂ ಹೇಳುವುದಿಲ್ಲ. ನೀವು ರೇಗಿದಿರಿ ಅಂತ ಗೊತ್ತಾದರೆ ಆ ಜಾಗ ಅತ್ತೆಗೆ ಹೇಳಿಬಿಡುತ್ತೇನೆ. ನೆನೆಸಿದ ಹುಣಸೆಹಣ್ಣು ಬಟ್ಟಲಲ್ಲಿ ಇನ್ನೂ ಇದೆ.

ಪದ್ಮಜಾ