ಎರಡು ಸುತ್ತು ಹಾಕಿ ತೋರಿಸಿದ ದುರ್ಗ

ಬಣಕಲ್
೧೪ ನವೆಂಬರ್ ೨೦೦೪

ಪ್ರೀತಿಯ ದಿಲೀಪ,

‘ಮಂಜು ಮುಸುಕಿದ್ರೆ ಎಲ್ಲಾ ಗುಡ್ಡನೂ ಒಂದೇ ಬಿಡಣ್ಣ’ ಎಂದೋ ಏನೋ ಅಂದಿದ್ದೆ ನೀನು, ಜೀಪು ತೊಳೆಯುತ್ತ. ಅದಕ್ಕೆ ಮುಂಚೆ ನಾನೇನು ಕೇಳಿದ್ದೆನೋ ನೆನಪಿಲ್ಲ. ನಾನೂ ನಕ್ಕಿದ್ದು ನೆನಪಿದೆ. ರೂಪಶ್ರೀ, ಮಗು ಕ್ಷೇಮವೇ? ಬಾಣಂತಿಯ ಊಟ ನಿನಗೂ ಒಗ್ಗಿದೆಯೆಂದು ಆಲ್ದೂರಿನ ನಿನ್ನ ಮಾವನ ಮನೆ ಕಡೆಯಿಂದ ಬಂದವರು ಹೇಳಿದರು. ಇಲ್ಲಿ ಮಳೆ ನಿಂತು ಹತ್ತು ದಿನವಾಯಿತು. ನನ್ನ ಮಂಡಿನೋವು ಹಾಗೇ ಇದೆ.

ಹೋದ ವಾರ ಮರಿಯಮ್ಮ ತೋಟದ ಹಿಂದಿನ ಗುಡ್ಡದಲ್ಲಿ ಕಳೆ ಕೊಚ್ಚುವಾಗ ಕಲ್ಲುಗೋಡೆಯ ಸಂದಿಯಲ್ಲಿ ಒಂದು ಕನ್ನಡಕದ ಡಬ್ಬಿ ಸಿಕ್ಕಿತು. ‘ಬಿದ್ದಿದ್ದಲ್ಲ ಸಾವ್ಕಾರ್ರೇ, ಯಾರೋ ಇಟ್ಟಂಗಿದೆ’ ಎಂದಳು. ಒಳಗೆ ಕನ್ನಡಕ, ಜೊತೆಗೆ ಅರಸೀಕೆರೆಯ ಅಂಗಡಿಯೊಂದರ ಚೀಟಿ. ಫೋನ್ ಮಾಡಿದೆ. ಕನ್ನಡಕದವನು ತೀರಿಹೋಗಿ ಎರಡು ವರ್ಷವಾಯಿತೆಂದು ಹೇಳಿ, ಅವನ ತಾಯಿ ಕಲ್ಲಮ್ಮನವರ ನಂಬರು ಕೊಟ್ಟರು.

ಕಾಲೇಜಿನಲ್ಲಿದ್ದಾಗ ಆ ಹುಡುಗ ಬಲ್ಲಾಳರಾಯನ ದುರ್ಗ ಹತ್ತಿ, ಕೋಟೆಯ ಗೋಡೆಯ ಮೇಲೆ ಕೂತು, ‘ಅಮ್ಮಾ, ನಿನ್ನನ್ನೂ ಒಮ್ಮೆ ಇಲ್ಲಿಗೆ ಕರೆತರುತ್ತೇನೆ’ ಎಂದು ತಾಯಿಗೆ ಕಾರ್ಡು ಬರೆದಿದ್ದನಂತೆ. ಅವನ ಕನ್ನಡಕವನ್ನಾದರೂ ಅಲ್ಲಿಡಬೇಕೆಂದು ಆಕೆ ಆಗಸ್ಟಿನಲ್ಲಿ ಒಬ್ಬರೇ ಬಂದು ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಜೀಪು ಹತ್ತಿದರು. ನೀನು ನಮ್ಮ ತೋಟದ ದಾರಿಯಲ್ಲೇ ಎರಡು ಸುತ್ತು ಹಾಕಿ, ದನ ನುಗ್ಗದಿರಲೆಂದು ಅಪ್ಪ ಕಟ್ಟಿಸಿದ ಗೋಡೆಯ ಮುಂದೆ ಇಳಿಸಿ, ಇದೇ ಕೋಟೆ ಎಂದೆ. ‘ಒಳ್ಳೆ ಹುಡ್ಗ. ನಾನು ಅತ್ತು ಮುಗ್ಸೋಗಂಟ ಕೊಡೆ ಹಿಡ್ಕಂಡು ನಿಂತಿದ್ದ’ ಎಂದರು ಫೋನಿನಲ್ಲಿ. ಗೋಡೆಗಿಂತ ಆ ಕೊಡೆಯೇ ನನ್ನನ್ನು ಹೆಚ್ಚು ಕಾಡಿದ್ದು.

ಜೀಪು ಎರಡನೇ ಸಲ ಹಾದುಹೋದದ್ದನ್ನು ನಾನು ಕಣದಲ್ಲಿ ನಿಂತು ನೋಡಿದ್ದೆ. ಟೂರಿಸ್ಟುಗಳನ್ನು ನೀನು ಹೀಗೆ ಸುತ್ತಿಸುವುದು ಗೊತ್ತಿದ್ದೂ ಸುಮ್ಮನಿದ್ದವನು. ಆದ್ದರಿಂದ ಕಲ್ಲಮ್ಮನವರನ್ನು ಕರೆಸಿ, ನಿನ್ನೆ ಅದೇ ಗೋಡೆಯ ಮುಂದೆ ನಿಂತು ಎಲ್ಲ ಹೇಳಿದೆ, ನನ್ನ ನಗುವನ್ನೂ ಸೇರಿಸಿ. ಬಹಳ ಹೊತ್ತು ಅವರು ಗೋಡೆಯ ಮೇಲಿಂದ ಕೈ ತೆಗೆಯಲಿಲ್ಲ. ನಿಜವಾದ ದುರ್ಗಕ್ಕೆ ನಾನೇ ಕರೆದೊಯ್ಯುತ್ತೇನೆಂದೆ. ‘ನೀವು ಬ್ಯಾಡಿ. ಸುಳ್ಳು ತೋರ್ಸಿದೋನೇ ನಿಜಾನೂ ತೋರ್ಸ್ಲಿ’ ಎಂದರು. ನಿನ್ನ ಪರವಾಗಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅದರಲ್ಲಿ ನನಗೆ ಸಿಕ್ಕ ಸಂತೋಷವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಸ್ಟ್ಯಾಂಡಿನ ಜೀಪಿನವರಿಗೂ ಹೇಳಿದ್ದೇನೆ. ‘ಬರ್ಲಿ ಅವ್ನು, ಲೈನಲ್ಲಿ ಗಾಡಿ ಹೆಂಗೆ ನಿಲ್ಲಿಸ್ತಾನೆ ನೋಡುವ’ ಎಂದ ತಯ್ಯಬ್, ನಿನ್ನ ಜೊತೆ ಟೀ ಕುಡಿಯುತ್ತಿದ್ದವನು.

ನಿನ್ನ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ರೂಪಶ್ರೀಗೂ ಮಗುವಿಗೂ ಆಶೀರ್ವಾದ. ನಿನಗೆ ಏನು ಬರೆಯಬೇಕೋ ತೋಚುತ್ತಿಲ್ಲ.

ನಿನ್ನ ಅಣ್ಣ,
ರಂಗನಾಥ

ಬರೆಯಲು ಬಿಟ್ಟುಹೋದದ್ದು: ಇದನ್ನು ಅಂಚೆಗೆ ಹಾಕುತ್ತಿಲ್ಲ. ಅರಸೀಕೆರೆಗೆ ಹೋಗುವ ದಾರಿಯಲ್ಲೇ ಆಲ್ದೂರು ಸಿಗುವುದರಿಂದ ಕಲ್ಲಮ್ಮನವರ ಕೈಯಲ್ಲೇ ಕೊಟ್ಟಿದ್ದೇನೆ. ನೀನು ಓದಿ ಮುಗಿಸುವ ತನಕ ಏನೂ ಮಾತಾಡಬೇಡಿ ಎಂದು ಹೇಳಿದ್ದೇನೆ. ಅವರಿಗೆ ಅರವತ್ತು ದಾಟಿದೆ. ಕೂರಿ ಅಂತಲಾದರೂ ಅಂದೆಯಾ?